ಕಂಬದ ಎಲ್‌ಇಡಿ ದೀಪ ಕೆಟ್ಟರೆ ಎಲ್ಲಿಂದ ಹುಡುಕಬೇಕು

ಕಳೆದ ಏಪ್ರಿಲ್‌ನಲ್ಲಿ ಮೊದಲ ಗುಡುಗು ಮಳೆ ಬಂದು ಮೂರು ದಿನ ಆಗಿತ್ತು. ನಮ್ಮ ಲೇಔಟ್‌ನಲ್ಲಿ ಒಂದೇ ರಾತ್ರಿ ನಾಲ್ಕು ದೀಪ ಹೋದವು. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಖಾಸಗಿ ಲೇಔಟ್ ನಮ್ಮದು. ಒಳರಸ್ತೆ, ಪಾರ್ಕು ಎಲ್ಲ ಸೇರಿ 36 ಕಂಬ, ಒಂದೊಂದರ ಮೇಲೆ 45 ವ್ಯಾಟಿನ ಎಲ್‌ಇಡಿ ದೀಪ. ನಿವಾಸಿಗಳ ಸಂಘದಲ್ಲಿ ದೀಪಗಳ ಉಸ್ತುವಾರಿ ನನ್ನದು. "ಸಿಡಿಲಿಗೆ ಹೋಗಿದೆ ಸಾರ್, ನಾಲ್ಕೂ ಹೊಸದು ಹಾಕ್ಬಿಡೋಣ" ಅಂದರು ಎಲೆಕ್ಟ್ರಿಷಿಯನ್. ಹಾಕಿದೆವು. ಹನ್ನೆರಡು ದಿನ ಕಳೆಯುವುದರೊಳಗೆ ಆ ಹೊಸ ನಾಲ್ಕರಲ್ಲಿ ಮೂರು ಮತ್ತೆ ಕೆಟ್ಟು ನಿಂತವು.

ಆಮೇಲೆ ಕೂತು ಹುಡುಕಿದಾಗ ಗೊತ್ತಾಗಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಲೇಔಟ್, ಅಪಾರ್ಟ್‌ಮೆಂಟ್, ಶಾಲೆಯ ಆಟದ ಮೈದಾನ, ಕಾರ್ಖಾನೆಯ ಅಂಗಳ, ಎಲ್ಲೇ ಆಗಲಿ ಸ್ವಂತ ಮೀಟರಿನ ಹೊರಗಿನ ದೀಪ ನೋಡಿಕೊಳ್ಳುವವರಿಗೆ ಇದು ಬೇಕಾಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊರಗಿನ ದೀಪದಲ್ಲಿ ಎಲ್‌ಇಡಿ ತಾನಾಗಿ ಕೆಡುವುದು ಅಪರೂಪ. ಅದಕ್ಕೆ ಕರೆಂಟ್ ಅಳೆದು ಕೊಡುವ ಡ್ರೈವರ್, ಡ್ರೈವರ್‌ಗೆ ಬರುವ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ), ಎಲ್ಲಿಂದಲೋ ಒಳಗೆ ಇಳಿಯುವ ನೀರು, ಈ ಮೂರರಲ್ಲಿ ಒಂದು ಕೆಟ್ಟಿರುತ್ತದೆ. ದೀಪ ಆರಿದ್ದನ್ನು ನೋಡಿ ದೀಪವನ್ನೇ ಬದಲಾಯಿಸಿದರೆ ನಮ್ಮ ಹಾಗೆ ಎರಡು ಸಲ ದುಡ್ಡು ಕಳೆದುಕೊಳ್ಳುತ್ತೀರಿ.

ಮುಟ್ಟುವ ಮೊದಲು

ಸಾರ್ವಜನಿಕ ರಸ್ತೆಯ ಕಂಬಕ್ಕೆ ನೀವಾಗಲಿ, ನಿಮ್ಮ ಎಲೆಕ್ಟ್ರಿಷಿಯನ್ ಆಗಲಿ ಕೈ ಹಾಕಬೇಡಿ. ಅದು ಪಾಲಿಕೆಯ ಕೆಲಸ. ತಂತಿ ಕಡಿದು ಬಿದ್ದಿದ್ದರೆ, ಕಂಬ ಮುಟ್ಟಿದರೆ ಜುಮ್ ಅಂದರೆ ತಕ್ಷಣ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಯಾರೂ ಹತ್ತಿರ ಹೋಗದ ಹಾಗೆ ಒಬ್ಬರನ್ನು ಅಲ್ಲೇ ನಿಲ್ಲಿಸಿ. ನಿಮ್ಮದೇ ಮೀಟರಿನ ದೀಪ ಆದರೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಬಿಚ್ಚಿಸಿ. ಮಳೆ ಬರುವಾಗ, ಕಂಬದ ಬುಡದಲ್ಲಿ ನೀರು ನಿಂತಿರುವಾಗ ಬೇಡವೇ ಬೇಡ. ನಾವು ಮಾಡಬೇಕಾದದ್ದು ನೋಡುವುದು, ಕೇಳುವುದು, ಬರೆದಿಡುವುದು. ಅರ್ಧ ದೋಷ ಅಲ್ಲೇ ಸಿಕ್ಕಿಬೀಳುತ್ತದೆ.

ಟೆಸ್ಟರ್ ಒಂದನ್ನೇ ನಂಬಬೇಡಿ. ನ್ಯೂಟ್ರಲ್ ಕಡಿದಿದ್ದರೂ ಫೇಸಿನಲ್ಲಿ (ಕರೆಂಟ್ ಬರುವ ತಂತಿಯಲ್ಲಿ) ಟೆಸ್ಟರ್ ಚೆನ್ನಾಗಿಯೇ ಉರಿಯುತ್ತದೆ. ಒಳ್ಳೆಯ ಮಲ್ಟಿಮೀಟರ್, ವೈರ್ ಬಿಚ್ಚದೆ ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್, ಜೊತೆಗೆ ಹಳೇ ಕಾಲದ ಟೆಸ್ಟ್ ಲ್ಯಾಂಪ್ ಇದ್ದರೆ ಸಾಕು. ಹೋಲ್ಡರ್‌ಗೆ ಫಿಲಮೆಂಟ್ ಬಲ್ಬು ಹಾಕಿದ ಆ ಟೆಸ್ಟ್ ಲ್ಯಾಂಪ್ ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಒಂದಾ, ಸಾಲಾ, ಎಲ್ಲವೂನಾ?

ಮೊದಲು ಕಂಬಗಳಿಗೆ ನಂಬರ್ ಬರೆಸಿ. ಪೇಂಟಿನಲ್ಲಿ, ಎದೆಮಟ್ಟದಲ್ಲಿ. ನಂಬರ್ ಇಲ್ಲದಿದ್ದರೆ "ಮೂಲೆ ಮನೆ ಹತ್ತಿರದ್ದು" ಅನ್ನುವುದರಲ್ಲೇ ಕಾಲ ಹೋಗುತ್ತದೆ.

ಒಂದೇ ದೀಪ ಹೋಗಿದ್ದರೆ ದೋಷ ಆ ಕಂಬದಲ್ಲೇ ಇದೆ. ಒಂದು ಕಂಬದಿಂದ ಆಚೆಗೆ ಎಲ್ಲ ಹೋಗಿದ್ದರೆ ಕೊನೆಯಲ್ಲಿ ಉರಿಯುತ್ತಿರುವ ಕಂಬ ಮತ್ತು ಮೊದಲು ಆರಿರುವ ಕಂಬದ ನಡುವೆ ನೋಡಿ. ಕೇಬಲ್ ಕಡಿದಿರುತ್ತದೆ, ಇಲ್ಲವೇ ಎರಡರಲ್ಲಿ ಒಂದರ ಬುಡದ ಬಾಕ್ಸಿನಲ್ಲಿ ಜಾಯಿಂಟ್ ಹೋಗಿರುತ್ತದೆ. ರಸ್ತೆ ಅಗೆದ ಗುರುತು ಕಂಡರಂತೂ ಅಲ್ಲೇ ಹುಡುಕಿ. ಎಲ್ಲವೂ ಹೋಗಿದ್ದರೆ ಪ್ಯಾನೆಲ್‌ಗೆ ಹೋಗಿ: ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಟೈಮರ್, ಕಾಂಟ್ಯಾಕ್ಟರ್ (ಟೈಮರ್ ಹೇಳಿದಂತೆ ದೀಪಗಳನ್ನು ಒಟ್ಟಿಗೆ ಹತ್ತಿಸಿ ಆರಿಸುವ ಸ್ವಿಚ್).

ನಮ್ಮಲ್ಲಿ ಆದದ್ದು ಈ ಮೂರೂ ಅಲ್ಲ. ಹೋಗಿದ್ದ ಕಂಬಗಳು 4, 13, 22, 31. ದೂರ ದೂರದಲ್ಲಿ, ಬೇರೆ ಬೇರೆ ಅಡ್ಡರಸ್ತೆಯಲ್ಲಿ. ಸಿಡಿಲು ಹೀಗೆ ಆರಿಸಿಕೊಂಡು ಹೊಡೆಯಲ್ಲ ಅಲ್ವಾ? ಹಾಳೆಯ ಮೇಲೆ ನಂಬರ್ ಬರೆದುಕೊಂಡು ನೋಡುತ್ತಾ ಕೂತಾಗ ಹೊಳೆಯಿತು. ನಮ್ಮಲ್ಲಿ ಆರ್, ವೈ, ಬಿ ಅಂತ ಮೂರು ಫೇಸು, ಕಂಬಗಳನ್ನು ಸರದಿಯಲ್ಲಿ ಜೋಡಿಸಿದ್ದಾರೆ: 1 ಆರ್, 2 ವೈ, 3 ಬಿ, ಮತ್ತೆ 4 ಆರ್. ಕೆಟ್ಟ ನಾಲ್ಕೂ ಆರ್ ಫೇಸಿನವು!

ಇನ್ನೊಂದು ಎಳೆಯೂ ಇತ್ತು. ಕರೆಂಟ್ ಉಳಿಸಲು ರಾತ್ರಿ 11ಕ್ಕೆ ಆರ್ ಫೇಸಿನ 12 ದೀಪಗಳಲ್ಲಿ 8 ಆರುವ ಹಾಗೆ ಬೇರೆ ವೈರ್, ಬೇರೆ ಟೈಮರ್ ಹಾಕಿಸಿದ್ದೆವು. ಬೆಳಗಿನ ತನಕ ಉರಿಯುವ ನಾಲ್ಕು ಯಾವುವು? ಇವೇ ನಾಲ್ಕು.

ನ್ಯೂಟ್ರಲ್ ಸಡಿಲ ಆದಾಗ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಡ್ರೈವರ್ ಸುಡುವುದೂ ಇದೇ, ಜಾಸ್ತಿ ಜನರ ಕಣ್ಣಿಗೆ ಬೀಳದೇ ಹೋಗುವುದೂ ಇದೇ.

ಮೂರು ಫೇಸಿನ ಲೈನಿನಲ್ಲಿ ಪ್ರತಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಇರುತ್ತದೆ. ಫೇಸು ಫೇಸಿನ ನಡುವೆ ಸುಮಾರು 400. ನ್ಯೂಟ್ರಲ್ ಗಟ್ಟಿಯಾಗಿ ನಿಂತಿರುವವರೆಗೆ ಯಾವ ಫೇಸಿನಲ್ಲಿ ಎಷ್ಟು ದೀಪ ಇದ್ದರೂ ಎಲ್ಲಕ್ಕೂ 230ರ ಆಸುಪಾಸೇ ಸಿಗುತ್ತದೆ. ನ್ಯೂಟ್ರಲ್ ಜಾಯಿಂಟ್ ಸಡಿಲ ಆದರೆ ಆ ಹಿಡಿತ ತಪ್ಪುತ್ತದೆ. ಆಗ ಜಾಸ್ತಿ ದೀಪ ಇರುವ ಫೇಸಿನಲ್ಲಿ ವೋಲ್ಟೇಜ್ ಇಳಿಯುತ್ತದೆ, ಕಡಿಮೆ ದೀಪ ಇರುವ ಫೇಸಿನಲ್ಲಿ ಏರುತ್ತದೆ. ತಕ್ಕಡಿಯ ಒಂದು ತಟ್ಟೆಯಿಂದ ಸಾಮಾನು ತೆಗೆದ ಹಾಗೆ.

ನಮ್ಮ ಎಲೆಕ್ಟ್ರಿಷಿಯನ್ ಸಂಜೆ 7ಕ್ಕೆ ಅಳೆದಿದ್ದರು. ಆರ್ ಫೇಸಿನಲ್ಲಿ 244 ಬಂತು. "ಇದೇನು ಜಾಸ್ತಿ ಅಲ್ಲ ಸಾರ್" ಅಂದರು. ಅದು ನಿಜವೇ. ಆ ಹೊತ್ತಿಗೆ ಮೂರೂ ಫೇಸಿನ ಭಾರ ಹೆಚ್ಚೂಕಮ್ಮಿ ಸಮ ಇತ್ತು. "ಅಣ್ಣಾ, 11 ಗಂಟೆ ದಾಟಿದ ಮೇಲೆ ಇನ್ನೊಂದು ಸಲ ನೋಡೋಣ, ದಯವಿಟ್ಟು ಇರಿ" ಅಂದೆ. 11.15ಕ್ಕೆ ಅದೇ ಕಂಬದ ಬುಡದಲ್ಲಿ ಮೀಟರ್ ಇಟ್ಟರು. ಆರ್ ಫೇಸು 310. ವೈ 208, ಬಿ 203. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 80 ವೋಲ್ಟ್. ಡ್ರೈವರಿನ ಮೇಲೆ ಬರೆದಿದ್ದು 140ರಿಂದ 270. ಅದು ಸುಟ್ಟುಹೋಗದೆ ಏನು ಮಾಡೀತು!

ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಸರಿ. ಹತ್ತು ಹದಿನೈದು ದಾಟಿದರೆ ಅನುಮಾನಪಡಿ. ಐವತ್ತು, ಎಂಬತ್ತು ಅಂದರೆ ಆ ರಾತ್ರಿಯೇ ಮೇನ್ ಆಫ್ ಮಾಡಿ.

ಮಾರನೇ ದಿನ ಮೇನ್ ಆಫ್ ಮಾಡಿಸಿ ಮೊದಲಿಂದ ಒಂದೊಂದೇ ಕಂಬದ ಬುಡದ ಬಾಕ್ಸ್ ತೆಗೆಸಿದೆವು. ಎರಡನೇ ಕಂಬದಲ್ಲೇ ಸಿಕ್ಕಿತು. ಬಾಗಿಲಿನ ಸ್ಕ್ರೂ ತುಕ್ಕು ಹಿಡಿದು ಒಂದೇ ಉಳಿದಿತ್ತು. ಒಳಗೆ ಇರುವೆ ತಂದು ಹಾಕಿದ ಕೆಂಪು ಮಣ್ಣು, ಒಂದು ಹಲ್ಲಿಯ ಒಣಗಿದ ಮೊಟ್ಟೆಯ ಚಿಪ್ಪು. ನ್ಯೂಟ್ರಲ್ ಕನೆಕ್ಟರ್‌ನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಕಡೆ ಕರಗಿತ್ತು. ಒಳಬರುವ ಕೇಬಲ್ ಅಲ್ಯೂಮಿನಿಯಂ, ಮೇಲೆ ದೀಪಕ್ಕೆ ಹೋಗುವ ವೈರ್ ತಾಮ್ರ. ಎರಡನ್ನೂ ಒಂದೇ ಸ್ಕ್ರೂ ಕೆಳಗೆ ಸೇರಿಸಿ ಬಿಗಿದಿದ್ದರು. ತೇವ ಬಿದ್ದಾಗ ಈ ಎರಡು ಲೋಹ ಒಂದಕ್ಕೊಂದು ತಾಗಿದ ಕಡೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಮೇಲೆ ಬಿಳಿ ಪುಡಿ ಕೂರುತ್ತದೆ, ಜಾಯಿಂಟ್ ಬಿಸಿಯಾಗುತ್ತದೆ, ಇನ್ನೂ ಸಡಿಲವಾಗುತ್ತದೆ. ಬೆರಳಲ್ಲಿ ಸುಮ್ನೆ ಎಳೆದರೆ ವೈರ್ ಹೊರಗೆ ಬಂತು.

ರಿಪೇರಿ ಅಂದರೆ ಸುಟ್ಟ ತುದಿಯನ್ನು ಕತ್ತರಿಸಿ, ಎರಡೂ ಲೋಹಕ್ಕೆ ಆಗುವ ಬೈಮೆಟಲ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಒತ್ತಿ ಬಿಗಿದು, ಹೊಸ ಕನೆಕ್ಟರ್ ಕೂರಿಸಿದ್ದು. ಹೊಸ ಡ್ರೈವರ್ ಕೊಳ್ಳುವಾಗ 440 ವೋಲ್ಟ್ ಬಂದರೂ ಕೆಲವು ಗಂಟೆ ತಾಳಿಕೊಳ್ಳುವ ಮಾದರಿ ಕೇಳಿ ತಂದೆವು. ಅದು ಕಷ್ಟಕಾಲಕ್ಕೆ ಆಸರೆ ಅಷ್ಟೇ. ನ್ಯೂಟ್ರಲ್ ಸರಿ ಮಾಡದೆ ಅದೊಂದನ್ನೇ ಹಾಕಿದರೆ ಪ್ರಯೋಜನ ಇಲ್ಲ.

ಒಂದೇ ದೀಪ ಹೋಗಿದ್ದರೆ

ಬುಡದ ಬಾಕ್ಸಿನಲ್ಲಿ ಫ್ಯೂಸ್ ಅಥವಾ ಚಿಕ್ಕ ಎಂಸಿಬಿ ಇರುತ್ತದೆ. ಅದು ಸರಿ ಇದ್ದು, ಮೇಲೆ ಫಿಟಿಂಗ್‌ವರೆಗೆ 230 ಬರುತ್ತಿದ್ದರೆ ಸರ್ಜ್ ಪ್ರೊಟೆಕ್ಟರ್ ನೋಡಿ. ಇದು ಸಿಡಿಲು, ಲೈನಿನ ಏಟುಗಳನ್ನು ತನ್ನ ಮೇಲೆ ತಗೊಳ್ಳುವ ಚಿಕ್ಕ ಡಬ್ಬಿ. ಇದರಲ್ಲಿ ಎರಡು ಬಗೆ ಜೋಡಣೆ ಇದೆ. ಸರಣಿಯಲ್ಲಿ ಜೋಡಿಸಿದ್ದರೆ ಅದು ಸತ್ತಾಗ ದೀಪವೂ ಆರುತ್ತದೆ, ಡ್ರೈವರ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಡಬ್ಬಿ ಬದಲಿಸಿದರೆ ಆಯಿತು. ಪಕ್ಕಕ್ಕೆ ಜೋಡಿಸಿದ್ದರೆ ಅದು ಸತ್ತರೂ ದೀಪ ಉರಿಯುತ್ತಲೇ ಇರುತ್ತದೆ, ಮುಂದಿನ ಏಟಿಗೆ ಡ್ರೈವರ್ ಹೋಗುತ್ತದೆ. ಮಳೆಗಾಲಕ್ಕೆ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನಲ್ಲಿ ಗುಡುಗು ಸಿಡಿಲು ಜೋರು. ಆ ಎರಡು ತಿಂಗಳು ಕಳೆದ ಮೇಲೆ ಇವನ್ನು ಒಮ್ಮೆ ನೋಡಿಸಿ. ಅರ್ಥ್ ಸರಿ ಇಲ್ಲದಿದ್ದರೆ ಯಾವ ಸರ್ಜ್ ಪ್ರೊಟೆಕ್ಟರ್ ಇದ್ದರೂ ಅದು ಪೂರ್ತಿ ಕೆಲಸ ಮಾಡಲಾರದು.

ಆಮೇಲೆ ಡ್ರೈವರ್. ಹೊರಬರುವ ಕಡೆ ಡಿಸಿ ವೋಲ್ಟೇಜ್ ಅಳೆಯಬೇಕು. ಲೇಬಲ್‌ನಲ್ಲಿ ಉದಾಹರಣೆಗೆ "60–90 ವೋಲ್ಟ್, 500 ಎಂಎ" ಅಂತ ಇರುತ್ತದೆ. ಎಂಎ ಅಂದರೆ ಮಿಲಿ ಆಂಪಿಯರ್, ಕರೆಂಟಿನ ಅಳತೆ. ಎಲ್‌ಇಡಿ ಜೋಡಿಸಿದ್ದಾಗ ವೋಲ್ಟೇಜ್ 90 ದಾಟಿ ನಿಂತಿದೆ, ಬೆಳಕು ಮಾತ್ರ ಇಲ್ಲ ಅಂದರೆ ಎಲ್‌ಇಡಿ ಸಾಲು ಎಲ್ಲೋ ಕಡಿದಿದೆ. ಸೊನ್ನೆ ಅಂದರೆ ಡ್ರೈವರ್ ಸತ್ತಿದೆ, ಅಥವಾ ಮುಂದೆ ಶಾರ್ಟ್ ಆಗಿದೆ. ಕೆಲವು ಅಗ್ಗದ ಡ್ರೈವರ್‌ಗಳಲ್ಲಿ ಈ ಡಿಸಿ ಕಡೆಯೂ ಮೇನ್ಸ್‌ನಿಂದ ಬೇರೆಯಾಗಿರುವುದಿಲ್ಲ. ಬರೀ ಡಿಸಿ ಅಲ್ವಾ ಅಂತ ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ಸುಟ್ಟ ಡ್ರೈವರಿನ ಮುಚ್ಚಳ ತೆಗೆದು ಒಮ್ಮೆ ನೋಡಿ. ಬೆರಳಿನ ಗೆಣ್ಣಿನಷ್ಟು ದಪ್ಪದ ಕೆಪಾಸಿಟರ್ ಇರುತ್ತದೆ, ತಲೆಯ ಮೇಲೆ ಶಿಲುಬೆಯಂಥ ಗೀರು. ಆ ತಲೆ ಚಪ್ಪಟೆಯಾಗಿರಬೇಕು. ಪೂರಿಯ ಹಾಗೆ ಉಬ್ಬಿದ್ದರೆ ಅದು ಬಿಸಿಗೆ ಹೋಗಿದೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರೆಲ್ಲ ಬಳಸುವ ಲೆಕ್ಕ. ಅದಕ್ಕೇ ಫಿಟಿಂಗಿನ ಬೆನ್ನ ಮೇಲಿನ ರೆಕ್ಕೆಗಳಲ್ಲಿ ಕಸ ಕೂರಬಾರದು. ನಮ್ಮ 17ನೇ ಕಂಬ ಹೊಂಗೆ ಮರದ ಕೆಳಗಿದೆ. ಎಲೆ, ಪಾರಿವಾಳದ ಹಿಕ್ಕೆ, ಪಕ್ಕದ ಕಟ್ಟಡದ ಸಿಮೆಂಟ್ ಧೂಳು ಸೇರಿ ರೆಕ್ಕೆಗಳ ಸಂದು ಪೂರ್ತಿ ಮುಚ್ಚಿತ್ತು. ಅರ್ಧ ಗಂಟೆ ಉರಿದು ಆರುತ್ತಿತ್ತು, ತಣ್ಣಗಾದ ಮೇಲೆ ತಾನೇ ಹತ್ತುತ್ತಿತ್ತು. ಬ್ರಶ್ಶಿನಲ್ಲಿ ಉಜ್ಜಿದ್ದಷ್ಟೇ, ಸರಿಹೋಯಿತು.

ಹೊಸ ಡ್ರೈವರ್ ತರುವಾಗ ವ್ಯಾಟ್ ಒಂದನ್ನೇ ನೋಡಬೇಡಿ. ಮೊದಲು ಎಂಎ, ಆಮೇಲೆ ವೋಲ್ಟೇಜ್ ಮಿತಿ. 500 ಎಂಎ ಇದ್ದ ಕಡೆ 700 ಎಂಎ ಹಾಕಿದರೆ ಮೊದಲ ದಿನ ಬೆಳಕು ಜಾಸ್ತಿ ಬಂದು ಎಲ್ಲರಿಗೂ ಖುಷಿಯಾಗುತ್ತದೆ, ಆದರೆ ಎಲ್‌ಇಡಿ ಬೇಗ ಸಾಯುತ್ತದೆ. ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗುವವರು ಹಳೇ ಡ್ರೈವರನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಲೇಬಲ್ ತೋರಿಸಿ ಕೇಳಿ. ಆ ಕಡೆ ಹೋದಾಗಲೆಲ್ಲ ನನಗೆ ಒಂದು ನೆನಪಾಗುತ್ತದೆ. 1905ರ ಆಗಸ್ಟ್ 5ರಂದು ಶಿವನಸಮುದ್ರದಿಂದ ಬಂದ ಕರೆಂಟಿನಲ್ಲಿ ಈ ಊರಿನ ಮೊದಲ ವಿದ್ಯುತ್ ಬೀದಿದೀಪಗಳು ಹತ್ತಿದ್ದು ಅಲ್ಲೇ ಹತ್ತಿರ, ಈಗಿನ ಕೆ.ಆರ್. ಮಾರ್ಕೆಟ್ ಸುತ್ತ. ಬೀದಿದೀಪದ ಊರು ನಮ್ಮದು ಅನ್ನುವ ಹೆಮ್ಮೆ ನನಗಿದೆ.

ಮಿಣುಕು, ಮಂಕು, ಬಣ್ಣ

ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿದ್ದರೆ ಡ್ರೈವರ್ ಮುಂದೆ ಏನೋ ತಪ್ಪು ಕಂಡು ನಿಲ್ಲುತ್ತಿದೆ, ಮತ್ತೆ ಶುರು ಮಾಡಿ ನೋಡುತ್ತಿದೆ ಅಂತ ಅರ್ಥ. ಅದೇ ಕರೆಂಟಿನ ಒಳ್ಳೆಯ ಡ್ರೈವರ್ ಒಂದನ್ನು ಹಾಕಿ ನೋಡಿ. ಆಗಲೂ ಹಾಗೇ ಆದರೆ ಎಲ್‌ಇಡಿ ಬೋರ್ಡು ಕೆಟ್ಟಿದೆ. ಬೋರ್ಡಿನಲ್ಲಿ ಒಂದು ಸಾಲು ಮಾತ್ರ ಕಪ್ಪಾಗಿದ್ದರೆ ತಡ ಮಾಡಬೇಡಿ. ಆ ಸಾಲಿನ ಪಾಲಿನ ಕರೆಂಟೂ ಉಳಿದ ಸಾಲುಗಳ ಮೇಲೆ ಬೀಳುತ್ತಿರುತ್ತದೆ.

ಲೈನಿನ ಕೊನೆಯ ದೀಪ ಮಂಕಾದರೆ "ವೋಲ್ಟೇಜ್ ಕಡಿಮೆ" ಅನ್ನುವುದು ಸೋಡಿಯಂ ದೀಪದ ಕಾಲದ ಮಾತು. ಎಲ್‌ಇಡಿ ಡ್ರೈವರ್ ವೋಲ್ಟೇಜ್ ಇಳಿದರೂ ತನ್ನ ಮಿತಿಯೊಳಗೆ ಬೆಳಕನ್ನು ಒಂದೇ ಸಮ ಇಡುತ್ತದೆ, ಲೈನಿನಿಂದ ಕರೆಂಟ್ ಜಾಸ್ತಿ ಎಳೆದುಕೊಳ್ಳುತ್ತದೆ ಅಷ್ಟೇ. ಮಂಕು ಕಂಡರೆ ಮೊದಲು ಗಾಜು ಒರೆಸಿ. ಒಳಗೆ ಮಂಜು ಕಟ್ಟಿದ್ದರೆ ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಪಟ್ಟಿ) ಹೋಗಿದೆ.

ಬಿಳಿ ದೀಪ ನೇರಳೆಗೆ ತಿರುಗುವುದೂ ಉಂಟು. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ಆ ಲೇಪ ಬಿಟ್ಟುಕೊಂಡರೆ ನೀಲಿ ಹೊರಗೆ ಇಣುಕುತ್ತದೆ. ಇದು ಎಲ್‌ಇಡಿಯದೇ ದೋಷ. ಇದಕ್ಕೆ ರಿಪೇರಿ ಇಲ್ಲ, ವಾರಂಟಿ ಇದ್ದರೆ ಕೇಳಿ ಪಡೆಯಿರಿ.

ಹಳೇ ಸೋಡಿಯಂ ಫಿಟಿಂಗಿನೊಳಗೇ ಎಲ್‌ಇಡಿ ಬಲ್ಬು ತಿರುಗಿಸಿ ಹಾಕಿದ್ದರೆ ಚೋಕ್, ಇಗ್ನಿಟರ್, ಕೆಪಾಸಿಟರ್ ಮೂರನ್ನೂ ತೆಗೆಸಿ ನೇರ ಲೈನ್ ಕೊಡಿಸಿ. ಇಗ್ನಿಟರ್ ಸೋಡಿಯಂ ಹೊತ್ತಿಸಲು ಸಾವಿರಾರು ವೋಲ್ಟಿನ ಏಟು ಕೊಡುತ್ತದೆ. ಎಲ್‌ಇಡಿ ಅದನ್ನು ತಡೆಯದು.

ಹಗಲು ಉರಿಯುತ್ತದೆ, ಆಫ್ ಮಾಡಿದರೂ ಮಿನುಗುತ್ತದೆ

ನಮ್ಮ 36 ದೀಪ ಹಗಲಿಡೀ 12 ಗಂಟೆ ಉರಿದರೆ ದಿನಕ್ಕೆ 19 ಯೂನಿಟ್ ದಾಟುತ್ತದೆ. ಬಿಸಿಲೂ ಸೇರಿ ಡ್ರೈವರ್ ಬೇಯುತ್ತದೆ. ಎಲ್‌ಇಡಿ ಹಾಕಿಸಿ ಉಳಿಸಿದ್ದೆಲ್ಲ ಇಲ್ಲಿ ಸೋರಿಹೋಗುತ್ತದೆ. ನನಗೆ ತುಂಬಾ ಸಂಕಟ ಆಗುವುದು ಹಗಲು ಉರಿಯುವ ದೀಪ ಕಂಡಾಗ.

ಟೈಮರ್ ಇದ್ದರೆ ಮೊದಲು ಅದರ ಗಡಿಯಾರ ನೋಡಿ. ಒಳಗಿನ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋದಾಗಲೂ ಸಮಯ ಹಿಂದೆ ಬೀಳುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ನವೆಂಬರ್‌ನಲ್ಲಿ 5.50ರ ಹೊತ್ತಿಗೆ, ಜುಲೈನಲ್ಲಿ 6.50ರ ಹೊತ್ತಿಗೆ. ವರ್ಷವಿಡೀ ಒಂದೇ ಸಮಯ ಇಟ್ಟರೆ ಒಂದು ಗಂಟೆ ಕತ್ತಲೆ ಅಥವಾ ಒಂದು ಗಂಟೆ ವ್ಯರ್ಥ. ಊರಿನ ಅಕ್ಷಾಂಶ ರೇಖಾಂಶ ಹಾಕಿದರೆ ತಾನೇ ಲೆಕ್ಕ ಹಾಕುವ ಟೈಮರ್ ಸಿಗುತ್ತದೆ. ನಾವು 12.97, 77.59 ಹಾಕಿಸಿದ್ದೇವೆ.

ಟೈಮರ್ ಆಫ್ ತೋರಿಸುತ್ತಿದೆ, ಆದರೂ ದೀಪ ಉರಿಯುತ್ತಿದೆ ಅಂದರೆ ಕಾಂಟ್ಯಾಕ್ಟರ್ ಅಂಟಿಕೊಂಡಿದೆ. ಆಫ್ ಆಗುವಾಗ 'ಟಕ್' ಅನ್ನುವ ಸದ್ದು ಬರಬೇಕು, ಬರುವುದಿಲ್ಲ. ಎಲ್‌ಇಡಿ ಡ್ರೈವರ್‌ಗಳು ಹತ್ತುವ ಕ್ಷಣದಲ್ಲಿ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಮಾಮೂಲಿಗಿಂತ ಹತ್ತಾರು ಪಟ್ಟು ಕರೆಂಟ್ ಎಳೆಯುತ್ತವೆ. ಹನ್ನೆರಡು ಒಟ್ಟಿಗೆ ಎಳೆದರೆ ಚಿಕ್ಕ ಕಾಂಟ್ಯಾಕ್ಟರ್ ಬೆಸುಗೆಯಾಗಿಬಿಡುತ್ತದೆ. ಹತ್ತುವಾಗಲೇ ಎಂಸಿಬಿ ಬೀಳುವುದಕ್ಕೂ ಇದೇ ಕಾರಣ. ಎಂಸಿಬಿ ಬಿ ಕರ್ವ್ ಬಗೆಯದಾಗಿದ್ದರೆ, ಇಂಥ ಕ್ಷಣದ ಏಟನ್ನು ಜಾಸ್ತಿ ತಾಳುವ ಸಿ ಕರ್ವ್ ಹಾಕಿಸಿ, ಮೂರು ಫೇಸಿನ ಗುಂಪುಗಳನ್ನು ಕೆಲವು ಸೆಕೆಂಡು ಹಿಂದೆ ಮುಂದೆ ಹತ್ತುವ ಹಾಗೆ ಮಾಡಿಸಿ.

ಬೆಳಕು ನೋಡಿ ದೀಪ ಹತ್ತಿಸಿ ಆರಿಸುವ ಫೋಟೋಸೆಲ್ ಇದ್ದರೆ ಅದರ ಕಣ್ಣಿನ ಮೇಲೆ ಹಿಕ್ಕೆ, ಧೂಳು, ಕೊಂಬೆಯ ನೆರಳು ಇದೆಯಾ ನೋಡಿ. ರಾತ್ರಿ ಹತ್ತಿ ಆರಿ ಮಾಡುತ್ತಿದ್ದರೆ ಅದಕ್ಕೆ ತನ್ನ ದೀಪದ ಬೆಳಕೇ ಎಲೆಯಿಂದಲೋ ಗೋಡೆಯಿಂದಲೋ ವಾಪಸ್ ಕಾಣುತ್ತಿದೆ. ಕಣ್ಣನ್ನು ಉತ್ತರಕ್ಕೆ ತಿರುಗಿಸಿ, ಕೊಂಬೆ ಸವರಿಸಿ.

ಆಫ್ ಆದ ಮೇಲೂ ಸಣ್ಣಗೆ ಮಿನುಗುವ ದೀಪಕ್ಕೆ ಬೇಕಾದದ್ದು ಟೆಸ್ಟ್ ಲ್ಯಾಂಪ್. ಮೀಟರ್‌ನಲ್ಲಿ 70, 80 ವೋಲ್ಟ್ ಕಾಣುತ್ತದೆ. ಟೆಸ್ಟ್ ಲ್ಯಾಂಪ್ ಜೋಡಿಸಿದ ಕೂಡಲೇ ಅದು ಮಾಯವಾದರೆ ಪಕ್ಕದ ವೈರಿನಿಂದ ಬಂದ ಸುಳ್ಳು ವೋಲ್ಟೇಜ್. ಅಪಾಯ ಇಲ್ಲ, ಫೇಸು ನ್ಯೂಟ್ರಲ್ ಎರಡನ್ನೂ ಕಡಿಯುವ ಕಾಂಟ್ಯಾಕ್ಟರ್ ಹಾಕಿದರೆ ನಿಲ್ಲುತ್ತದೆ. ಫೇಸಿಗೂ ಅರ್ಥ್‌ಗೂ ನಡುವೆ ಟೆಸ್ಟ್ ಲ್ಯಾಂಪ್ ಪೂರ್ತಿ ಬೆಳಗಿದರೆ ಸ್ವಿಚ್ ನ್ಯೂಟ್ರಲ್‌ಗೆ ಬಿದ್ದಿದೆ. ಆಫ್ ಇದೆ ಅಂತ ನಂಬಿ ಏಣಿ ಹತ್ತುವವರ ಜೀವಕ್ಕೆ ಅದು ಅಪಾಯ. ಅವತ್ತೇ ಸರಿ ಮಾಡಿಸಿ.

ಮಳೆ ಬಂದ ರಾತ್ರಿ ಮಾತ್ರ ಟ್ರಿಪ್

ಕರೆಂಟ್ ಅರ್ಥ್‌ಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್ಚೇ ಆರ್‌ಸಿಸಿಬಿ. ಕೆಲವು ಕಡೆ ಅದು ಮಳೆಯಲ್ಲಿ ಮಾತ್ರ ಬೀಳುತ್ತದೆ, ಒಣಗಿದ ಮೇಲೆ ನಿಲ್ಲುತ್ತದೆ. ಇದನ್ನು ಹುಡುಕುವುದಕ್ಕೆ ತಾಳ್ಮೆ ಬೇಕು. ಎಂದಿಗೂ ಆರ್‌ಸಿಸಿಬಿ ತೆಗೆಸಿ ನೇರ ಲೈನ್ ಕೊಡಿಸಬೇಡಿ. ಮಳೆಗಾಲದಲ್ಲಿ ಫುಟ್‌ಪಾತಿನಲ್ಲಿ ನಡೆದವರಿಗೆ ಕರೆಂಟ್ ಹೊಡೆದ ಸುದ್ದಿ ಈ ಊರಿನಲ್ಲಿ ನಾವೆಲ್ಲ ಓದಿದ್ದೇವೆ.

ಮಳೆ ನಿಂತ ಬೆಳಿಗ್ಗೆ, ಇನ್ನೂ ತೇವ ಇರುವಾಗಲೇ ಮೇನ್ ಆಫ್ ಮಾಡಿ. ಎಲ್ಲ ಕಂಬದ ಬುಡದಲ್ಲಿ ಡ್ರೈವರ್, ಸರ್ಜ್ ಪ್ರೊಟೆಕ್ಟರ್ ಬೇರ್ಪಡಿಸಿ, ಇಲ್ಲದಿದ್ದರೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಅವನ್ನು ಕೆಡಿಸುತ್ತದೆ, ಲೆಕ್ಕವನ್ನೂ ತಪ್ಪಿಸುತ್ತದೆ. ಕೇಬಲನ್ನು 18ನೇ ಕಂಬದಲ್ಲಿ ಬಿಡಿಸಿ ಎರಡೂ ಅರ್ಧಕ್ಕೆ 500 ವೋಲ್ಟ್ ಮೆಗ್ಗರ್ ಹಾಕಿ. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದ ಅರ್ಧವನ್ನು ಮತ್ತೆ ಅರ್ಧ ಮಾಡಿ. 36 ಕಂಬಕ್ಕೆ ಐದಾರು ಸಲದಲ್ಲಿ ಜಾಗ ಸಿಗುತ್ತದೆ. ನಮಗೆ ಸಿಕ್ಕಿದ್ದು 27ನೇ ಕಂಬ. ಕೇಬಲ್ ಜಾಯಿಂಟಿಗೆ ಬರೀ ಇನ್ಸುಲೇಶನ್ ಟೇಪ್ ಸುತ್ತಿ ಮಣ್ಣಲ್ಲಿ ಹೂತಿದ್ದರು. ರೆಸಿನ್ ಸುರಿದ ಜಾಯಿಂಟ್ ಮಾಡಿಸಿದೆವು. ಕೇಬಲ್ ಎಲ್ಲ ಸರಿ ಇದ್ದರೆ ಬೇರ್ಪಡಿಸಿದ ಫಿಟಿಂಗುಗಳ ಒಳಗೆ ನೀರು ಹುಡುಕಿ. ಫಿಟಿಂಗಿಗೆ ವೈರ್ ಹೋಗುವ ಕಡೆ ಸ್ವಲ್ಪ ಕೆಳಗೆ ಜೋಲಿ ಬಿಟ್ಟು ಒಳಗೆ ಸೇರಿಸಿ. ನೀರು ಆ ಜೋಲಿಯ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ. ನೇರ ಇಳಿಜಾರಿನಲ್ಲಿ ಎಳೆದಿದ್ದರೆ ವೈರೇ ನೀರಿಗೆ ದಾರಿಯಾಗುತ್ತದೆ.

ಮಳೆ ಇಲ್ಲದೆಯೂ ಬೀಳುತ್ತಿದ್ದರೆ ಲೆಕ್ಕ ಹಾಕಿ. ಕೆಡದೇ ಇರುವ ಡ್ರೈವರ್‌ಗಳಿಂದಲೂ ಒಂದೊಂದರಲ್ಲಿ ಅರ್ಧ, ಮುಕ್ಕಾಲು ಎಂಎ ಅರ್ಥ್‌ಗೆ ಸೋರುತ್ತದೆ. 36 ದೀಪ ಒಂದೇ 30 ಎಂಎ ಆರ್‌ಸಿಸಿಬಿ ಮೇಲೆ ನಿಂತರೆ ಅದು ಬೀಳುವುದು ಸಹಜ. ಮೂರು ಗುಂಪು ಮಾಡಿ, ಮೂರು ಆರ್‌ಸಿಸಿಬಿ ಹಾಕಿಸಿ.

ಈ ಸೋರಿಕೆಯಿಂದಲೇ ಅರ್ಥ್ ಇಲ್ಲದ ಕಂಬದ ಮೈ ಮೇಲೆ ನೂರು ವೋಲ್ಟ್ ಹತ್ತಿರ ಕೂರುತ್ತದೆ, ಮುಟ್ಟಿದರೆ ಜುಮ್ ಅನ್ನುತ್ತದೆ. "ಡ್ರೈವರ್ ಒಳಗಿನ ಫಿಲ್ಟರಿಂದ ಬರೋದು ಸಾರ್, ಏನೂ ಆಗಲ್ಲ" ಅನ್ನುವವರಿದ್ದಾರೆ. ಒಪ್ಪಬೇಡಿ. ನಿಜವಾದ ಇನ್ಸುಲೇಶನ್ ದೋಷ ಬಂದಾಗಲೂ ಮೊದಲು ಹಾಗೇ ಅನ್ನಿಸುತ್ತದೆ. ನಮ್ಮ ಪಾರ್ಕಿನ ಕಂಬದ ಬಗ್ಗೆ ಮೊದಲು ಹೇಳಿದ್ದು ದಿನಾ ಅದನ್ನು ಹಿಡಿದು ಚಪ್ಪಲಿ ಬಿಡುತ್ತಿದ್ದ ಒಬ್ಬ ಅಜ್ಜಿ. "ಏನೋ ಇರುವೆ ಕಚ್ಚಿದಂಗೆ ಆಗುತ್ತಪ್ಪಾ" ಅಂದರು. ಬುಡ ಅಗೆದು ನೋಡಿದರೆ ಅರ್ಥ್ ಪಟ್ಟಿ ತುಕ್ಕು ಹಿಡಿದು ಎರಡು ತುಂಡಾಗಿತ್ತು. ಈಗ ಪ್ರತಿ ಮೇ ತಿಂಗಳ ಕೊನೆಯಲ್ಲಿ 36 ಕಂಬದ ಅರ್ಥ್ ಪಟ್ಟಿ, ಬುಡದ ಬಾಗಿಲು, ನ್ಯೂಟ್ರಲ್ ಸ್ಕ್ರೂ ಮೂರನ್ನೂ ನೋಡಿ ಪುಸ್ತಕದಲ್ಲಿ ಬರೆಯುತ್ತೇವೆ. ಅಳತೆ ತೆಗೆದುಕೊಳ್ಳುವುದು ಮಾತ್ರ ರಾತ್ರಿ 11 ದಾಟಿದ ಮೇಲೆ.